ಏಳನೇ ಕ್ಲಾಸ್ ಮುಗಿಸಿದ ಮಗಳನ್ನ ರಾತ್ರಿ ಉಳಿಯೋ ಬೇಸಿಗೆ ಶಿಬಿರಕ್ಕೆ ಕಳಿಸಬಹುದಾ? ಮಂಡ್ಯ–ಮೈಸೂರು ಕಡೆಯವರು ಹೇಳಿ

ಕಲ್ಲಹಳ್ಳಿ ಅಮ್ಮ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈಗ ಏಳನೇ ಕ್ಲಾಸ್ ಮುಗಿಸಿದ್ದಾಳೆ. ಬೇಸಿಗೆ ರಜೆ ಅಂದ್ರೆ ಪ್ರತಿ ವರ್ಷ ಕೆ.ಎಂ. ದೊಡ್ಡಿ ಹತ್ರ ನಮ್ಮಮ್ಮನ ಮನೆ. ಗದ್ದೆ, ಪಂಪ್‌ಸೆಟ್ಟು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಮಿಕ್ಕ ಹೊತ್ತು ಮೊಬೈಲು. ಈ ಸಲ ಟ್ಯೂಷನ್ ಮುಂದೆ ಯಾರೋ ಹಂಚಿದ ಪಾಂಪ್ಲೆಟ್ ಹಿಡ್ಕೊಂಡು ಬಂದಿದ್ದಾಳೆ. ಪಾಂಡವಪುರದ ಕುಂತಿಬೆಟ್ಟದ ಹತ್ರ ಮೂರು ರಾತ್ರಿ ಟೆಂಟು, ಬಂಡೆ ಹತ್ತೋದು, ಹಗ್ಗದಲ್ಲಿ ಇಳಿಯೋದು, ಕೆರೇಲಿ ದೋಣಿ. ಹೆಣ್ಣುಮಕ್ಕಳಿಗೇ ಬೇರೆ ಬ್ಯಾಚು. ನಾಲ್ಕೂವರೆ ಸಾವಿರ ರೂಪಾಯಿ.

ಹೋದ ವರ್ಷ ಮನೆ ಹತ್ರಾನೇ ಒಂದು ಶಿಬಿರಕ್ಕೆ ಸೇರಿಸಿದ್ದೆ. ಹೆಸರು ಬೇಡ. ಅಲ್ಲಿ ಗಂಡುಮಕ್ಕಳಿಗೆ ಬಿಲ್ಲು ಬಾಣ, ಹಗ್ಗ ಹತ್ತೋದು. ಹೆಣ್ಣುಮಕ್ಕಳಿಗೆ ಫ್ಯಾನ್ ಕೆಳಗೆ ಕೂರಿಸಿ ಮೆಹೆಂದಿ, ಒಲೆ ಹಚ್ಚದ ಅಡುಗೆ, ಪೇಪರ್ ಹೂವು. ಕೊನೇ ದಿನ ಕೈ ತುಂಬಾ ಮೆಹೆಂದಿ ಹಾಕ್ಕೊಂಡು ಬಂದೋಳು ಸರ್ಟಿಫಿಕೇಟ್ ಟೀವಿ ಮೇಲೆ ಎಸೆದು ಮಲಗಿಬಿಟ್ಲು. ಆದ್ರಿಂದ ಈ ಸಲ ನಂಗೂ ಕಳಿಸೋಣ ಅಂತಾನೇ ಇದೆ.

ನಮ್ಮತ್ತೆ ಮಾತ್ರ ಒಪ್ತಿಲ್ಲ. "ದೊಡ್ಡೋಳಾಗಿರೋ ಹುಡುಗೀನ ಬೆಟ್ಟದ ಬುಡದಲ್ಲಿ ಮಲಗ್ಸಕ್ಕೆ ಕಳಿಸ್ತೀಯಾ, ಯಾರು ಏನು ಅಂತ ಗೊತ್ತಾ?" ಅಂತಾರೆ. ನಮ್ಮೆಜಮಾನ್ರು ಎಂದಿನಂತೆ "ನೀವಿಬ್ರೂ ಏನಾದ್ರೂ ಮಾಡ್ಕೊಳಿ". ನಿಜ ಹೇಳ್ಬೇಕು ಅಂದ್ರೆ ಅತ್ತೆ ಕೇಳಿದ್ದಕ್ಕೆ ನನ್ನ ಹತ್ರಾನೂ ಉತ್ತರ ಇಲ್ಲ. ಶಿಬಿರದವರನ್ನ ಏನೇನು ಕೇಳ್ಬೇಕು? ಅಲ್ಲಿರೋವಾಗ್ಲೇ ಮುಟ್ಟಾದ್ರೆ? ಇಷ್ಟು ದುಡ್ಡಿಲ್ದೆ ಸರ್ಕಾರದ್ದು ಏನಾದ್ರೂ ಇದ್ಯಾ? ಕಳಿಸಿರೋರು ದಯವಿಟ್ಟು ಹೇಳಿ.

ಒಂಟಿಕೊಪ್ಪಲು ವಾಸಿ (ಮೈಸೂರು)

ರಾತ್ರಿ ಉಳಿಯೋದು ಬೇಡ ಅನ್ಸಿದ್ರೆ ಮೈಸೂರಲ್ಲಿ ಹಗಲು ಶಿಬಿರ ಬೇಕಾದಷ್ಟಿವೆ. ರಂಗಾಯಣದ ಚಿಣ್ಣರ ಮೇಳ ಎಲ್ಲಕ್ಕಿಂತ ಹೆಸರುವಾಸಿ, ಅರ್ಜಿ ಕೊಡೋ ದಿನ ಹುಷಾರಾಗಿರಬೇಕು ಅಷ್ಟೇ. ಅಲ್ಲಿ ಹುಡುಗ ಹುಡುಗಿ ಅಂತ ಬೇರೆ ಮಾಡಲ್ಲ, ಎಲ್ರೂ ಒಂದೇ ಮಣ್ಣಲ್ಲಿ ಹೊರಳಾಡ್ತಾರೆ. ಪ್ರಾಣಿ ಪಕ್ಷಿ ಅಂದ್ರೆ ಇಷ್ಟ ಇದ್ರೆ ಮೃಗಾಲಯದವರೂ ಬೇಸಿಗೇಲಿ ಶಿಬಿರ ಮಾಡ್ತಾರೆ. ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯದಲ್ಲೂ ವಿಚಾರಿಸಿ. ಮಂಡ್ಯದಿಂದ ದಿನಾ ಬರೋದು ಕಷ್ಟ ಅಂತೀರಾ? ಆಧಾರ್ ಕಾರ್ಡ್ ಇದ್ರೆ ಇಬ್ಬರಿಗೂ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ದುಡ್ಡೇ ಇಲ್ವಲ್ಲ. ಮಂಡ್ಯದಲ್ಲೇ ಆಗ್ಬೇಕು ಅಂದ್ರೆ ಬಾಲಭವನದಲ್ಲಿ ಕೇಳಿ. ನಿಮ್ಮಮ್ಮನ ಊರಲ್ಲಾದ್ರೆ ಪಂಚಾಯ್ತಿ ಅರಿವು ಕೇಂದ್ರದಲ್ಲೂ (ಅದೇ, ಊರಿನ ಲೈಬ್ರರಿ) ಈಚೆಗೆ ಬೇಸಿಗೆ ಶಿಬಿರ ಮಾಡ್ತಿದ್ದಾರೆ.

ಪಿಟಿ ಟೀಚರ್, ನಿವೃತ್ತ (ಮೈಸೂರು)

ನಿಮ್ಮ ಅತ್ತೆಯವರನ್ನ ನಾನು ಬೈಯಲ್ಲ ಕಣಮ್ಮ. ಅವರು ಕೇಳಿರೋದು ಸರಿಯಾಗೇ ಇದೆ. ನಿಮ್ಮನ್ನ ಕೇಳೋ ಬದಲು ಶಿಬಿರದವರನ್ನ ಕೇಳ್ಬೇಕು, ಅಷ್ಟೇ ವ್ಯತ್ಯಾಸ. ನಾನು ಸರ್ಕಾರಿ ಹೆಣ್ಣುಮಕ್ಕಳ ಪ್ರೌಢಶಾಲೇಲಿ ಪಿಟಿ ಟೀಚರೂ ಆಗಿದ್ದೆ, ಗೈಡ್ಸ್ ಅಂದ್ರೆ ಸ್ಕೌಟ್ಸ್ ಥರಾನೇ ಹೆಣ್ಣುಮಕ್ಕಳಿಗಿರೋದು, ಅದರ ಕ್ಯಾಪ್ಟನ್ನೂ ಆಗಿದ್ದೆ. ಹುಡುಗಿಯರನ್ನ ಕಟ್ಕೊಂಡು ಬೆಟ್ಟ, ಕೆರೆ, ಮಳೆ ಎಲ್ಲ ನೋಡಿದ್ದೀನಿ. ಉದ್ದ ಆಗುತ್ತೆ, ಓದ್ಕೊಳಿ.

ಫೋನ್ ಮಾಡಿದ ಕೂಡ್ಲೇ ಬಂಡೆ, ದೋಣಿ ಕೇಳ್ಬೇಡಿ. ಕಕ್ಕಸು ಕೇಳಿ. ಟೆಂಟಿಂದ ಎಷ್ಟು ದೂರ, ಒಳಗಡೆ ಚಿಲಕ ಇದ್ಯಾ, ರಾತ್ರಿ ಬಲ್ಬ್ ಉರಿಯುತ್ತಾ, ನೀರು ತೊಟ್ಟೀಲಿ ಇರುತ್ತಾ ಇಲ್ಲ ಹೊತ್ತು ತರ್ಬೇಕಾ, ಮುಚ್ಚಳ ಇರೋ ಕಸದ ಬುಟ್ಟಿ ಇಟ್ಟಿದ್ದಾರಾ. ಇದನ್ನ ಕೇಳಿದ್ರೆ ನಗ್ತಾರೆ, ನಗಲಿ. ಯಾಕೆ ಹೇಳ್ತೀನಿ ಅಂದ್ರೆ, ಕಕ್ಕಸು ಸರಿಯಿಲ್ಲ ಅಂತ ಮೊದಲ ದಿನ ಸಂಜೆ ಗೊತ್ತಾದ ತಕ್ಷಣ ಹುಡುಗಿಯರು ನೀರು ಕುಡಿಯೋದು ಬಿಟ್ಟುಬಿಡ್ತಾರೆ. ಯಾರಿಗೂ ಹೇಳಲ್ಲ. ಬಾಟ್ಲಿ ತುಂಬಿದ್ದು ತುಂಬಿದ ಹಾಗೇ ಇರುತ್ತೆ. ಮಾರನೇ ದಿನ ಹತ್ತು ಗಂಟೆ ಬಿಸಿಲಲ್ಲಿ ತಲೆನೋವು, ವಾಂತಿ, ಕಣ್ಣು ಕತ್ತಲೆ. ಮನೆಗೆ ಬಂದ ಮೇಲೆ ಉರಿಮೂತ್ರ. ಆಗ ಎಲ್ರೂ "ಹೆಣ್ಣುಮಕ್ಕಳಿಗೆ ಬಿಸಿಲು ಆಗಲ್ಲ" ಅಂತ ತೀರ್ಪು ಕೊಡ್ತಾರೆ. ಬಿಸಿಲು ಆಗದೆ ಏನು, ಕಬ್ಬಿನ ಗದ್ದೇಲಿ ಇಡೀ ದಿನ ಬಗ್ಗಿರೋರು ಯಾರು? ಆಗದೇ ಇರೋದು ಚಿಲಕ ಇಲ್ದಿರೋ ಬಾಗಿಲು. ಮಕ್ಕಳನ್ನ ಸಾಲಾಗಿ ನಿಲ್ಸಿ ಬಾಟ್ಲಿ ಎತ್ತಿ ನೋಡೋ ಟೀಚರ್ ಇದ್ದಾರೆ ಅಂದ್ರೆ ಆ ಶಿಬಿರ ಚೆನ್ನಾಗಿದೆ ಅಂತ ಅರ್ಥ.

ಆಮೇಲೆ ರಾತ್ರಿ. "ಲೇಡಿ ಸ್ಟಾಫ್ ಇದ್ದಾರೆ ಮೇಡಂ" ಅಂತಾರೆ. ಎಷ್ಟು ಜನ, ಹೆಸರೇನು, ಅವರು ಮಲಗೋದು ಹುಡುಗಿಯರ ಟೆಂಟ್ ಪಕ್ಕದಲ್ಲೋ ಅಥವಾ ರಾತ್ರಿ ಊಟ ಆದ್ಮೇಲೆ ಸ್ಕೂಟಿ ಹತ್ತಿ ಮನೆಗೋ? ಒಬ್ಬರು ಸಾಲದು, ಇಬ್ಬರು ಬೇಕು. ಒಂದು ಮಗೂಗೆ ಜ್ವರ ಬಂದು ಒಬ್ಬರು ಆಸ್ಪತ್ರೆಗೆ ಹೋದ್ರೆ ಮಿಕ್ಕೋರಿಗೆ ಯಾರು? ಗಂಡಸರು ಇರೋದು ತಪ್ಪಲ್ಲ, ಹಗ್ಗ ಹಿಡಿಯೋ ಒಳ್ಳೇ ತರಬೇತುದಾರರು ಎಷ್ಟೋ ಜನ ಗಂಡಸರೇ. ಆದ್ರೆ ಯಾವ ದೊಡ್ಡೋರೂ, ಹೆಂಗಸಾಗ್ಲಿ ಗಂಡಸಾಗ್ಲಿ, ಒಂದು ಮಗು ಜೊತೆ ಒಂಟಿಯಾಗಿ ಇರಬಾರದು ಅನ್ನೋ ನಿಯಮ ಅವರಲ್ಲಿ ಇರ್ಬೇಕು. ಅದನ್ನ ನೀವು ಹೇಳಿಕೊಡೋ ಹಾಗಿರಬಾರದು, ಅವರೇ ಹೇಳ್ಬೇಕು. ಮೊಬೈಲ್ ತೆಗೆದಿಟ್ಟುಕೊಳ್ತಾರೆ, ಇಟ್ಕೊಳ್ಳಲಿ, ಒಳ್ಳೇದೇ. ಆದ್ರೆ ಮಗು ಕೇಳಿದಾಗ ಮನೆಗೆ ಫೋನ್ ಮಾಡಿಸ್ಬೇಕು. ನಿಮ್ಮ ನಂಬರ್ ಅವಳಿಗೆ ಬಾಯಿಪಾಠ ಇರ್ಲಿ, ಜೊತೆಗೆ ಮಕ್ಕಳ ಸಹಾಯವಾಣಿ 1098 ಕೂಡ.

ಈಗ ಹಗ್ಗಕ್ಕೆ ಬರೋಣ. ಬಂಡೆ ಹತ್ತಿಸೋರು ಎಲ್ಲಿ ಕಲ್ತಿದ್ದಾರೆ ಅಂತ ಕೇಳಿ. ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್ ಇದೆ, 1954ರಿಂದ. ಉತ್ತರಕಾಶೀಲಿ ನೆಹರು ಪರ್ವತಾರೋಹಣ ಸಂಸ್ಥೆ, 1965ರದು. 1984ರಲ್ಲಿ ಎವರೆಸ್ಟ್ ಹತ್ತಿದ ನಮ್ಮ ಮೊದಲ ಹೆಣ್ಣುಮಗಳು ಬಚೇಂದ್ರಿ ಪಾಲ್ ಕಲ್ತಿದ್ದು ಅಲ್ಲೇ. ನಮ್ಮ ರಾಜ್ಯದ್ದೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಇಂಥ ಕಡೆ ಕೋರ್ಸ್ ಮಾಡಿರೋರು ಸರ್ಟಿಫಿಕೇಟ್ ತೋರ್ಸೋಕೆ ಹಿಂದೆ ಮುಂದೆ ನೋಡಲ್ಲ. "ನಾವು ಹತ್ತು ವರ್ಷದಿಂದ ಮಾಡ್ತಿದ್ದೀವಿ, ಏನೂ ಆಗಿಲ್ಲ" ಅನ್ನೋರ ಹತ್ರ ಕಳಿಸ್ಬೇಡಿ.

ಹುಡುಗಿಯರ ವಿಷಯದಲ್ಲಿ ಬಹಳ ಜನ ಮರೆಯೋ ಒಂದು ಸಂಗತಿ ಜಡೆ. ಹಗ್ಗದಲ್ಲಿ ಕೆಳಗೆ ಇಳಿಯೋವಾಗ ಹೊಟ್ಟೆ ಮುಂದೆ ಎಂಟರ ಆಕಾರದ ಒಂದು ಲೋಹದ ಬಳೆ ಇರುತ್ತೆ, ಹಗ್ಗ ಅದರೊಳಗೆ ಸುತ್ತಿ ಹರಿಯುತ್ತೆ. ಮಗು ಬಗ್ಗಿ ಕೆಳಗೆ ನೋಡುತ್ತೆ, ಜಡೆ ಮುಂದೆ ಬೀಳುತ್ತೆ, ತುದಿ ಹಗ್ಗದ ಜೊತೆ ಒಳಗೆ ಹೋಗುತ್ತೆ. ಮೈಭಾರ ಪೂರ್ತಿ ಆ ಹಗ್ಗದ ಮೇಲಿರುತ್ತಲ್ಲ, ಬಿಡಿಸಿಕೊಳ್ಳೋಕೆ ಆಗಲ್ಲ. ನಡು ಬಂಡೇಲಿ ತಲೆ ಆ ಬಳೆಗೆ ಅಂಟಿಕೊಂಡು ನೇತಾಡ್ಬೇಕು. ಆದ್ರಿಂದ ಜಡೆ ಹೆಣೆದು, ಸುತ್ತಿ, ಪಿನ್ ಹಾಕಿ ಹೆಲ್ಮೆಟ್ ಕೆಳಗೆ ಇಲ್ಲ ಶರ್ಟಿನ ಒಳಗೆ. ದುಪಟ್ಟಾ ಬೇಡವೇ ಬೇಡ. ಬಳೆ, ಉಂಗುರ, ಜುಮಕಿ, ಕಾಲ್ಗೆಜ್ಜೆ ಮನೇಲೇ ಬಿಚ್ಚಿಟ್ಟು ಹೋಗ್ಲಿ. ಇದನ್ನ ನೀವು ಕೇಳೋಕೆ ಮುಂಚೆ ಅವರೇ ಹೇಳಿದ್ರೆ, ಅವರು ನಿಜವಾಗ್ಲೂ ಹುಡುಗಿಯರನ್ನ ಹಗ್ಗ ಹತ್ತಿಸಿರೋರು ಅಂತ ನಂಬಿ.

ಮುಟ್ಟಿನ ವಿಷಯ. ಆಗುತ್ತೆ, ಆದ್ರೆ ಆಗ್ಲಿ. ಬಂಡೆ ಹತ್ತೋಕೆ ಅದು ಅಡ್ಡಿ ಅಲ್ಲ. ಹೊಟ್ಟೆನೋವಿದ್ದು ಅವಳೇ ಬೇಡ ಅಂದ್ರೆ ಬೇಡ, ಇನ್ನೊಬ್ಬರು ಬೇಡ ಅನ್ಬಾರದು. ಕಪ್ಪು ಟ್ರ್ಯಾಕ್ ಪ್ಯಾಂಟ್ ಎರಡು, ಬೇಕಾಗಿದ್ದಕ್ಕಿಂತ ಒಂದು ಪ್ಯಾಕೆಟ್ ಹೆಚ್ಚು ಪ್ಯಾಡು (ಪಕ್ಕದ ಟೆಂಟಿನ ಹುಡುಗಿ ಹತ್ರ ಇರಲ್ಲ, ನೋಡ್ತಿರಿ), ಸುತ್ತೋಕೆ ಹಳೇ ಪೇಪರು. ಇನ್ನೊಂದು ವಿಷಯ ಕೇಳಿ. ನಮ್ಮ ಕಡೆ ಬೆಟ್ಟ ಅಂದ್ಮೇಲೆ ಗುಡಿ ಇದ್ದೇ ಇರುತ್ತೆ. ಬೆಳಿಗ್ಗೆ ಎಲ್ರನ್ನೂ ದರ್ಶನಕ್ಕೆ ಕರ್ಕೊಂಡು ಹೋಗಿ, ಮುಟ್ಟಾದ ಮಗೂನ "ನೀನು ಇಲ್ಲೇ ಕೂತಿರು" ಅಂತ ಟೆಂಟಲ್ಲಿ ಒಂಟಿಯಾಗಿ ಬಿಟ್ಟುಹೋದ ಶಿಬಿರ ನನಗೆ ಗೊತ್ತು. ದೇವರ ವಿಷಯ ಅವರವರ ಮನೆ ಪದ್ಧತಿ, ನಾನು ಏನೂ ಹೇಳಲ್ಲ. ಮಗು ಒಂಟಿಯಾಗಿರಬಾರದು ಅಷ್ಟೇ.

ಇಷ್ಟೆಲ್ಲ ಸರಿಯಿದ್ದರೂ ಕೊನೇದಾಗಿ ನಾನು ಕೇಳೋದು, ಅಲ್ಲಿ ಕೆಲಸ ಮಾಡೋರು ಯಾರು ಅಂತ. ಟೆಂಟ್ ಹೊಡೆದಿಟ್ಟು, ಊಟ ಕೇಟರಿಂಗಿಂದ ತರಿಸಿ, ಮಕ್ಕಳನ್ನ ಸಾಲಾಗಿ ಹಗ್ಗಕ್ಕೆ ತೂಗುಹಾಕಿ ಫೋಟೋ ತೆಗೆದು ಕಳಿಸೋದು ಜಾತ್ರೆಯ ಜೋಕಾಲಿ, ಶಿಬಿರ ಅಲ್ಲ. ಗೈಡ್ಸಲ್ಲಿ ಆರೇಳು ಹುಡುಗಿಯರದ್ದು ಒಂದು ತಂಡ, ಪ್ಯಾಟ್ರೋಲ್ ಅಂತಾರೆ, ಅದಕ್ಕೆ ಅವರಲ್ಲೇ ಒಬ್ಬಳು ಲೀಡರ್. ಎಲ್ಲಿ ಟೆಂಟ್, ಯಾವ ಕಡೆ ಬಾಗಿಲು, ಮಳೆ ಬಂದ್ರೆ ನೀರು ಎತ್ತ ಹರಿಯುತ್ತೆ, ಉಪ್ಪಿಟ್ಟಿಗೆ ಎಷ್ಟು ರವೆ, ಎಲ್ಲ ಅವರೇ ತೀರ್ಮಾನ ಮಾಡ್ಬೇಕು. ಉಪ್ಪಿಟ್ಟು ತಳ ಹತ್ತಿದ್ರೆ ತಳ ಹತ್ತಿದ್ದನ್ನೇ ತಿನ್ಬೇಕು. ಅಡುಗೆ ಮನೇಲೂ ಮಾಡ್ತಾರಲ್ಲ ಅಂತೀರಿ. ಮನೇಲಿ ಹೇಳಿದ್ದು ಮಾಡ್ತಾರೆ, ಅಲ್ಲಿ ಅವರೇ ನಿರ್ಧಾರ ಮಾಡ್ತಾರೆ.

ಒಂದು ಸಲ ಬಿದಿರು ಕಟ್ಟಿ ಬೇಸಿನ್ ಸ್ಟ್ಯಾಂಡ್ ಮಾಡೋದು ಹೇಳಿಕೊಡ್ತಿದ್ದೆ. ಶುರು ಮಾಡೋ ಗಂಟಿಗೆ ಕ್ಲೋವ್ ಹಿಚ್ ಅಂತಾರೆ, ಮೈಸೂರು ಹುಡುಗಿಯರು ಪುಸ್ತಕ ನೋಡ್ಕೊಂಡು ಒದ್ದಾಡ್ತಿದ್ರು. ಶ್ರೀರಂಗಪಟ್ಟಣದ ಕಡೆ ಹಳ್ಳಿಯ ಒಂದು ಹುಡುಗಿ, ಕ್ಲಾಸಲ್ಲಿ ಬಾಯಿ ಬಿಡದೋಳು, ಹಗ್ಗ ತಗೊಂಡು ಬಿದಿರಿಗೆ ಎರಡು ಸುತ್ತು ಸುತ್ತಿ, ತುದಿ ಒಳಗೆ ತೂರಿಸಿ ಎಳೆದುಬಿಟ್ಲು. "ಹಸ ಗೂಟಕ್ಕೆ ಕಟ್ಟೋದು ಹಿಂಗೇ ಅಲ್ವಾ ಮಿಸ್?" ಅಂದ್ಲು. ಮಾರನೇ ದಿನ ಅವಳೇ ಲೀಡರ್, ವೋಟ್ ಹಾಕಿ ಆರಿಸಿದ್ರು.

ದುಡ್ಡಿನ ವಿಷಯಕ್ಕೆ ಬಂದ್ರೆ, ಅವಳ ಸ್ಕೂಲಲ್ಲಿ ಗೈಡ್ಸ್ ಇದ್ಯಾ ಕೇಳಿ. ಚಿಕ್ಕೋರು ಬುಲ್‌ಬುಲ್, ಹತ್ತು ವರ್ಷ ದಾಟಿದ್ರೆ ಗೈಡ್, ಕಾಲೇಜಿಗೆ ಬಂದ್ರೆ ರೇಂಜರ್. ಸ್ಕೂಲಲ್ಲಿ ಇಲ್ಲ ಅಂದ್ರೆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಜಿಲ್ಲಾ ಸಂಸ್ಥೇಲಿ ವಿಚಾರಿಸಿ, ನಾಲ್ಕೂವರೆ ಸಾವಿರದ ಮಾತೇ ಅಲ್ಲಿಲ್ಲ. ಅಂದಹಾಗೆ ಗೈಡ್ಸ್ ಹುಟ್ಟಿದ ಕಥೆ ಮಗಳಿಗೆ ಹೇಳಿ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಲ್ಲಿ, ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್ ಹುಡುಗರ ಸ್ಕೌಟ್ ರ‍್ಯಾಲಿ ಇಟ್ಟಿದ್ರು. ಯಾರೂ ಕರೀದೇ ಹುಡುಗಿಯರ ಒಂದು ಗುಂಪು ಬಂದು ನಾವೂ ಸ್ಕೌಟು ಅಂತ ನಿಂತ್ಕೊಳ್ತು. ಮಾರನೇ ವರ್ಷ ಅವರಿಗೇ ಅಂತ ಗೈಡ್ಸ್ ಶುರುವಾಯ್ತು.

ಚಿಕ್ಕಾಡೆ ರಸ್ತೆ (ಪಾಂಡವಪುರ)

ಟೀಚರ್ ಹೇಳಿದ್ದು ನೂರಕ್ಕೆ ನೂರು. ನಾನು ಲೋಕಲ್ಲು, ಬೆಟ್ಟದ ವಿಷಯ ಮಾತ್ರ ಹೇಳ್ತೀನಿ ಅಕ್ಕ.

ಕುಂತಿಬೆಟ್ಟ ಪೂರ್ತಿ ಬರೀ ಬಂಡೆ. ಏಪ್ರಿಲ್ ಮೇನಲ್ಲಿ ಬೆಳಿಗ್ಗೆ ಒಂಬತ್ತೂವರೆ ಹತ್ತರ ಮೇಲೆ ಕೈ ಇಡಕ್ಕಾಗಲ್ಲ, ಸಂಜೆ ಹೊತ್ತು ಮುಳುಗಿದ್ರೂ ಕಾವು ಬಿಡಲ್ಲ. ಹತ್ತಿಸೋದಾದ್ರೆ ಬೆಳಕು ಹರಿಯೋ ಹೊತ್ಗೆ ಶುರು ಮಾಡಿ ಬಿಸಿಲೇರೋಷ್ಟ್ರಲ್ಲಿ ಇಳಿಸ್ಬೇಕು. ಟೈಂಟೇಬಲ್ ಕೇಳಿ, ಮಧ್ಯಾಹ್ನ ಬಂಡೆ ಅಂತ ಇದ್ರೆ ಅವರಿಗೆ ಬೆಟ್ಟ ಗೊತ್ತಿಲ್ಲ. ಎರಡನೇದು ಹೆಜ್ಜೇನು. ಬಂಡೆ ಸಂದೀಲಿ ಹುಟ್ಟು ಕಟ್ಟಿರ್ತವೆ. ಸೆಂಟು, ಹೊಗೆ, ಕಿರುಚಾಟ, ಕಲ್ಲು ಎಸೆಯೋದು ಇವೆಲ್ಲ ಅಲ್ಲಿ ಆಗ್ಬಾರ್ದು. ಮೂರನೇದು ಸಂಜೆ ಮಳೆ. ಯುಗಾದಿ ಆದ್ಮೇಲೆ ಸಂಜೆ ಸಂಜೆ ಗುಡುಗು ಮಿಂಚು ಬಂದ್ಬುಡುತ್ತೆ. ಮೊದಲ ಗುಡುಗು ಕೇಳಿದ್ರೆ ಬೆಟ್ಟ ಇಳೀಬೇಕು, ಒಂಟಿ ಮರದ ಕೆಳಗೆ ಟೆಂಟ್ ಇರಬಾರ್ದು. ಚಿರತೆ ಈ ಸೀಮೇಲಿ ಎಲ್ಲಾ ಕಡೆ ಐತೆ, ಕಬ್ಬಿನ ಗದ್ದೇಲೂ ಐತೆ, ಅದಕ್ಕೆ ಹೆದರಿ ಮನೇಲಿ ಕೂರೋದೇನಿಲ್ಲ. ಕತ್ತಲಾದ್ಮೇಲೆ ಒಬ್ಬೊಬ್ರೇ ಓಡಾಡಬಾರದು, ಊಟದ ಎಲೆ ಎಲ್ಲಂದ್ರಲ್ಲಿ ಬಿಸಾಕಬಾರ್ದು, ನಾಯಿ ಬರ್ತವೆ, ನಾಯಿ ಹಿಂದೆ ಅದು ಬರ್ತದೆ.

ಕೆರೆ ಅಂದ್ರೆ ತೊಣ್ಣೂರು ಕೆರೆ ಇರ್ಬೇಕು. ತಿಳಿನೀರು, ಅದೇ ಮೋಸ, ಆಳ ಗೊತ್ತಾಗಲ್ಲ. ದೋಣಿ ಹತ್ತೋರಿಗೆಲ್ಲ ಲೈಫ್ ಜಾಕೆಟ್ ಇದ್ಯಾ, ಮಕ್ಕಳ ಅಳತೇದು ಇದ್ಯಾ ನೋಡಿ. ದೊಡ್ಡೋರದ್ದು ಹಾಕಿದ್ರೆ ನೀರಲ್ಲಿ ತಲೆ ಮೇಲಿಂದ ಕಳಚಿ ಬರ್ತದೆ. ಕೊನೇ ದಿನ ಬಲಮುರಿಗೋ ಎಡಮುರಿಗೋ ಕರ್ಕೊಂಡೋಗಿ ಕಾವೇರಿ ನೀರಲ್ಲಿ ಆಡಿಸ್ತೀವಿ ಅಂದ್ರೆ ಬೇಡ ಅಂದ್ಬುಡಿ. ಮೊಣಕಾಲುದ್ದ ನೀರಿನ ಪಕ್ಕಾನೇ ಗುಂಡಿ ಇರ್ತದೆ, ಪಾಚಿ ಕಲ್ಲು ಜಾರ್ತದೆ, ಈಜೋರೇ ಮುಳುಗವ್ರೆ. ಮತ್ತೆ ಶನಿವಾರ ಭಾನುವಾರ ಬೆಟ್ಟಕ್ಕೆ ಬಾಟ್ಲಿ ಹಿಡ್ಕೊಂಡು ಬರೋರ ಕಾಟ ಐತೆ. ಸೋಮವಾರದಿಂದ ಗುರುವಾರದ ಬ್ಯಾಚ್ ಇದ್ರೆ ಅದನ್ನೇ ತಗೊಳಿ.

ಹಳೇ ಕಾಲದವನು (ಮದ್ದೂರು)

ಇಷ್ಟೆಲ್ಲ ತಲೆಬಿಸಿ ಯಾಕೆ? ಅಜ್ಜಿ ಮನೇಲಿ ಮರ ಇಲ್ವಾ, ಬಾವಿ ಇಲ್ವಾ? ನಾವೆಲ್ಲ ದುಡ್ಡು ಕೊಟ್ಟು ಶಿಬಿರಕ್ಕೆ ಹೋಗಿ ಮರ ಹತ್ತೋದು ಕಲಿತ್ವಾ?

ಪಿಟಿ ಟೀಚರ್, ನಿವೃತ್ತ (ಮೈಸೂರು)

ನೀವು ಹತ್ತಿದ್ರಿ ಸ್ವಾಮಿ, ಸಂತೋಷ. ನಿಮ್ಮ ತಂಗೀನೂ ಹತ್ತಿದ್ರಾ? ಯಾವ ವಯಸ್ಸಿನವರೆಗೆ?

ಬಿಎಸ್‌ಸಿ ಹುಡುಗಿ (ಮೈಸೂರು)

ನಾನು ಹೈಸ್ಕೂಲಲ್ಲಿದ್ದಾಗ ಇಂಥ ಶಿಬಿರಕ್ಕೆ ಹೋಗಿದ್ದೆ ಆಂಟಿ. ಎರಡನೇ ದಿನಾನೇ ಪೀರಿಯಡ್ಸ್ ಬಂತು, ಟೀಚರ್ ಹೇಳಿದ ಹಾಗೆ ನೀರು ಕುಡಿಯೋದು ಬಿಟ್ಟಿದ್ದೂ ನಿಜ. ಮೇಡಂಗೆ ಹೇಳೋಕೆ ನಾಚಿಕೆ ಆಗಿ ಹೊಟ್ಟೆನೋವು ಅಂತ ಮಾತ್ರ ಹೇಳ್ದೆ, ಅವರು ಜೀರಿಗೆ ನೀರು ಕೊಟ್ರು! ಆಮೇಲೆ ನಮ್ಮ ಟೆಂಟಿನ ಅಕ್ಕ ಒಬ್ರು ಕಂಡುಹಿಡಿದು ಎಲ್ಲ ನೋಡ್ಕೊಂಡ್ರು. ಅದಕ್ಕೆ ಹೊರಡೋ ಮುಂಚೆ ನೀವೇ ಆ ಲೇಡಿ ಇನ್‌ಚಾರ್ಜ್ ಮುಂದೆ, ಮಗಳನ್ನ ಪಕ್ಕದಲ್ಲಿ ನಿಲ್ಸಿಕೊಂಡು, ಈ ವಿಷಯ ಬಾಯಿ ಬಿಟ್ಟು ಮಾತಾಡಿಬಿಡಿ. ಒಂದ್ಸಲ ಅಮ್ಮ ಮಾತಾಡಿದ್ರೆ ಆಮೇಲೆ ನಾವೇ ಹೇಳ್ತೀವಿ.

ಇನ್ನೊಂದು, ಮೊದಲ ರಾತ್ರಿ ಅಳು ಬರುತ್ತೆ. ಫೋನ್ ಮಾಡಿ "ಬಂದು ಕರ್ಕೊಂಡು ಹೋಗು" ಅಂದ್ರೆ ಏನಾಯ್ತು ಅಂತ ಸರಿಯಾಗಿ ಕೇಳಿ. ಯಾರಾದ್ರೂ ಏನಾದ್ರೂ ಅಂದಿದ್ರೆ, ಮಾಡಿದ್ರೆ ರಾತ್ರೋರಾತ್ರಿ ಹೋಗಿ. ಬರೀ ಸೊಳ್ಳೆ, ಗೊರಕೆ, ಮನೆ ನೆನಪು ಅಂದ್ರೆ ಬೆಳಿಗ್ಗೆ ಮಾತಾಡೋಣ ಅನ್ನಿ. ಬೆಳಿಗ್ಗೆ ಅವಳು ಫೋನೇ ತೆಗೆಯಲ್ಲ.

ಕಲ್ಲಹಳ್ಳಿ ಅಮ್ಮ (ಮಂಡ್ಯ)

ಎಲ್ರಿಗೂ ತುಂಬಾ ಥ್ಯಾಂಕ್ಸ್. ಪೇಪರಲ್ಲಿ ಬರ್ಕೊಂಡು ಫೋನ್ ಮಾಡ್ದೆ. ಕಕ್ಕಸು ಅಂದ ತಕ್ಷಣ ಆ ಕಡೆಯವರು ಸುಮ್ನಾದ್ರು, ಆಮೇಲೆ ಸರಿಯಾಗೇ ಉತ್ತರ ಕೊಟ್ರು. ಎರಡಿದೆ, ಚಿಲಕ ಇದೆ, ಲೈಟ್ ಮಾತ್ರ ಹೊರಗಡೆ ಇದೆ, ಒಳಗೂ ಹಾಕಿಸ್ತೀವಿ ಅಂದ್ರು. ಲೇಡಿ ಸ್ಟಾಫ್ ಒಬ್ಬರೇ ಇದ್ರಂತೆ. ಇನ್ನೂ ಒಂದಿಬ್ಬರು ಅಮ್ಮಂದಿರ ಕೈಲಿ ಇದನ್ನೇ ಕೇಳಿಸ್ದೆ, ಈಗ ಇನ್ನೊಬ್ರನ್ನ ಸೇರಿಸಿದ್ದಾರೆ. ಹಗ್ಗದವರು ಉತ್ತರಕಾಶಿ ಸರ್ಟಿಫಿಕೇಟ್ ಫೋಟೋ ವಾಟ್ಸಾಪಲ್ಲಿ ಕಳಿಸಿದ್ರು, ಜಡೆ ವಿಷಯ ಕೇಳಿದ್ದಕ್ಕೆ "ಮೇಡಂ ನೀವು ಟ್ರೆಕ್ಕರ್ರಾ?" ಅಂದ್ರು, ಹೌದು ಅಂದ್ಬಿಟ್ಟೆ! ಊಟ ಮಾತ್ರ ಕೇಟರಿಂಗೇ. "ಮಕ್ಕಳಿಗೆ ಏನೂ ತೊಂದ್ರೆ ಕೊಡಲ್ಲ ಮೇಡಂ" ಅಂತ ಹೆಮ್ಮೆಯಿಂದ ಹೇಳಿದ್ರು, ಟೀಚರ್ ನೆನಪಾಗಿ ನಗು ಬಂತು.

ಅತ್ತೆ ಕೈಗೆ ಆ ಲೇಡಿ ಇನ್‌ಚಾರ್ಜ್ ನಂಬರ್ ಕೊಟ್ಟು ನೀವೇ ಕೇಳಿ ಅಂದೆ. ಅರ್ಧ ಗಂಟೆ ಮಾತಾಡಿದ್ರು. ಅವರ ಊರು ಕಿಕ್ಕೇರಿ ಕಡೆ ಅಂತೆ, ಅವರ ಸೋದರತ್ತೆ ಮನೆಯವರು ನಮ್ಮತ್ತೆ ತವರಿಗೆ ದೂರದ ನೆಂಟರಂತೆ. ಈಗ ಅತ್ತೇನೇ ರವೆ ಉಂಡೆಗೆ ರವೆ ಹುರೀತಿದ್ದಾರೆ. ಮೇ ತಿಂಗಳ ಸೋಮವಾರದ ಬ್ಯಾಚಿಗೆ ಹೆಸರು ಕೊಟ್ಟಿದ್ದೀವಿ. ಜೂನಲ್ಲಿ ಸ್ಕೂಲ್ ಶುರುವಾದ್ಮೇಲೆ ಗೈಡ್ಸ್ ವಿಷಯ ಹೆಡ್‌ಮಿಸ್ ಹತ್ರ ಮಾತಾಡ್ತೀನಿ.

ಟೀಚರ್, ಇನ್ನೊಂದೇ ಡೌಟು. ಅವಳಿಗೆ ಕನ್ನಡಕ ಇದೆ. ಬಂಡೆ ಹತ್ತೋವಾಗ ತೆಗೀಬೇಕಾ? ಶೂ ಹೊಸದು ತರ್ಬೇಕಾ?

ಪಿಟಿ ಟೀಚರ್, ನಿವೃತ್ತ (ಮೈಸೂರು)

ಕನ್ನಡಕ ತೆಗೀಬಾರದು, ಕಾಲಿಡೋ ಜಾಗ ಕಾಣ್ಬೇಕಲ್ಲ. ಕಿವಿ ಹಿಂದೆ ಎರಡು ಕಡ್ಡಿಗೂ ಸೇರಿಸಿ ಎಲಾಸ್ಟಿಕ್ ದಾರ ಕಟ್ಟಿ, ಕನ್ನಡಕದಂಗಡೀಲೇ ಸಿಗುತ್ತೆ. ಹಳೇ ಕನ್ನಡಕ ಇದ್ರೆ ಬ್ಯಾಗಿಗೆ ಹಾಕಿ. ಹೊಸ ಶೂ ಬೇಡ, ಕಾಲು ಕಚ್ಚುತ್ತೆ. ಸ್ಕೂಲಿನ ಕ್ಯಾನ್ವಾಸ್ ಶೂ ಸಾಕು, ಅಡಿ ಸವೆದು ನುಣುಪಾಗಿದ್ರೆ ಮಾತ್ರ ಬದಲಾಯ್ಸಿ. ಸಾಕ್ಸ್ ಮಾತ್ರ ದಿನಕ್ಕೊಂದು ಜೊತೆ, ಉಗುರು ಕತ್ತರಿಸಿ ಕಳಿಸಿ.

ಊಟದ ವಿಷಯ ಬಿಡಬೇಡಿ. ಇನ್ನೊಂದ್ಸಲ ಫೋನ್ ಮಾಡಿ, ಒಂದು ಹೊತ್ತಿನ ಉಪ್ಪಿಟ್ಟಾದ್ರೂ ಮಕ್ಕಳ ಕೈಲಿ ಮಾಡ್ಸಿ ಅನ್ನಿ. ರವೆ, ಈರುಳ್ಳಿ ನಾವೇ ಕಳಿಸ್ತೀವಿ ಅಂತ ಬೇಕಾದ್ರೂ ಹೇಳಿ.